ಐದು ಎಣಿಸುವ ತನಕ

ಬೆಟಗೇರಿಯ ನೇಕಾರ ಓಣಿಯಲ್ಲಿ ಮಧ್ಯಾಹ್ನ ಮೂರೂವರೆಗೆ ಚಂದ್ರವ್ವನ ಫೋನು ಹೊಡೆದುಕೊಂಡಿತೆಂದರೆ ಅಕ್ಕಪಕ್ಕದವರು ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿ ಕೊಡುತ್ತಿದ್ದರು. ಪುಕ್ಕಟೆ ಸಿಗುವ ಮನರಂಜನೆಯನ್ನು ಯಾರು ಬಿಡುತ್ತಾರೆ! ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ ಚಂದ್ರವ್ವ ಫೋನಿಗಾಗಿ ಏಳುವವಳಲ್ಲ. ಲಾಳಿಯೊಳಗಿನ ಕಂಡಿಕೆಯ ನೂಲು ಮುಗಿಯುವ ತನಕ ಮಗ್ಗ ಬಿಟ್ಟು ಏಳಬಾರದು ಎಂಬುದು ಆಕೆ ಮದುವೆಯಾಗಿ ಬಂದಾಗಿನಿಂದ ತನಗೆ ತಾನೇ ಹಾಕಿಕೊಂಡ ಕಟ್ಟಳೆ. ಗೂಟಕ್ಕೆ ನೇತುಹಾಕಿದ ಚೀಲದಿಂದ ಬಟನ್ ಫೋನು ತೆಗೆದು ನಂಬರು ನೋಡುವಳು. ಗುರುತಿಲ್ಲದ ನಂಬರಾದರೆ ಅದನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಶುರು ಮಾಡುವಳು.

“ಯಾರಲೇ ಅಂವಾ? ಮಾತಾಡಲೇ, ಬಾಯಾಗ ಮಣ್ಣ ಬಿದ್ದೈತೇನು? ನಿನ್ನ ಕೈ ಸೇದಿ ಹೋಗಲಿ! ನಿನ್ನ ಮನಿ ಹಾಳಾಗ! ಕರಿಯಲೇ ನಿನ್ನ ಹಡದಾಕಿನ್ನ ಫೋನಿಗೆ. ಎಂಥಾದನ್ನ ಹಡದೀಯವ್ವಾ ಅಂತ ಆಕಿನ್ನ ಕೇಳ್ತೀನಿ!”

ಇಷ್ಟಾದ ಮೇಲೆ ಕೆಂಪು ಬಟನ್ ಒತ್ತಿ, ಫೋನನ್ನು ಚೀಲಕ್ಕೆಸೆದು, ಮತ್ತೆ ಲಾಳಿ ಓಡಿಸುವಳು. ಎದುರು ಮನೆಯ ಸಕ್ರಪ್ಪ ಕಟ್ಟೆಯ ಮೇಲೆ ಕೂತು, “ಇವತ್ತ ಸ್ವಲ್ಪ ಕಡಿಮಿ ಆತು ನೋಡ್ರಿ” ಎಂದು ನಗುತ್ತಿದ್ದ.

ಆ ಸಿಟ್ಟಿಗೆ ಕಾರಣವಿತ್ತು. ಮಹಾನವಮಿ ಮುಗಿದ ವಾರ, ಒಂದು ಬೆಳಿಗ್ಗೆ ಆಕೆ ಮಗ್ಗಕ್ಕೆ ಇಳಿಯುವ ಮೊದಲೇ, ಒಬ್ಬ ಫೋನು ಮಾಡಿ ತಾನು ಪೊಲೀಸಿನವನೆಂದು ಹೇಳಿದ್ದ. “ನಿಮ್ಮ ಮಗಳು ವಿದೇಶದಲ್ಲಿ ಸಿಕ್ಕಿಬಿದ್ದಿದ್ದಾಳೆ, ಬಿಡಿಸಬೇಕೆಂದರೆ ಈಗಲೇ ದುಡ್ಡು ಹಾಕಿ, ಬೇಕಾದರೆ ಅಳುವುದನ್ನು ಕೇಳಿ” ಎಂದಿದ್ದ. ಫೋನಿನೊಳಗೆ ಯಾವುದೋ ಹುಡುಗಿ “ಅವ್ವಾ, ಅವ್ವಾ” ಎಂದು ಬಿಕ್ಕಿ ಬಿಕ್ಕಿ ಅತ್ತಿದ್ದಳು. ಪಾಸ್‌ಬುಕ್ಕು ಸೆರಗಿನಲ್ಲಿ ಕಟ್ಟಿಕೊಂಡು, ಕಾಲಿಗೆ ಚಪ್ಪಲಿಯಿಲ್ಲದೆ ಬ್ಯಾಂಕಿನ ಕಡೆಗೆ ಓಡುತ್ತಿದ್ದ ಚಂದ್ರವ್ವನನ್ನು ಮಗ ಆನಂದ ದಾರಿಯಲ್ಲಿ ತಡೆದು ನಿಲ್ಲಿಸಿದ್ದ. ದುಡ್ಡೇನೂ ಹೋಗಲಿಲ್ಲ. ಆದರೆ ತನ್ನ ಮಗಳ ಅಳುವನ್ನು ಯಾವನೋ ಕಳ್ಳ ಸುಳ್ಳುಸುಳ್ಳೇ ತಯಾರು ಮಾಡಿ ತನ್ನ ಕಿವಿಗೆ ಸುರಿದನಲ್ಲ, ಆ ಸಂಕಟ ಹೋಗಲಿಲ್ಲ. “ಗುರ್ತಿಲ್ಲದ ನಂಬರ ಎತ್ತಬ್ಯಾಡ. ಎತ್ತಿದ್ರೂ ಬಾಯಿಗೆ ಬಂದಂಗ ಬೈದು ಇಟ್ಟುಬಿಡು” ಎಂದು ಆನಂದ ಹೇಳಿಕೊಟ್ಟ. ಚಂದ್ರವ್ವ ಎರಡನೆಯದನ್ನು ಆರಿಸಿಕೊಂಡಳು.

ಮಗಳು ಭುವನೇಶ್ವರಿಯನ್ನು ಮನೆಯವರು ಭುವಿ ಎನ್ನುತ್ತಿದ್ದರು. ಎರಡು ವರ್ಷದಿಂದ ಆಕೆ ಮಸ್ಕತ್ತಿನಲ್ಲಿ ಬುರ್ಖಾ ಹೊಲಿಯುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ತಂದೆ ತೀರಿಹೋಗಿ ಎಂಟು ವರ್ಷ. ಹೊಲಿಗೆ ಕಲಿತವಳು, ತನ್ನ ದಾರಿ ತಾನೇ ಹುಡುಕಿಕೊಂಡು ಹೋದಳು. ಇನ್ನೆರಡು ವರ್ಷ ದುಡಿದು ಬಂದು ಗದಗಿನಲ್ಲಿ ನಾಲ್ಕು ಮಷೀನಿನ ಸ್ವಂತ ಅಂಗಡಿ ಹಾಕಬೇಕೆಂಬುದು ಆಕೆಯ ಲೆಕ್ಕಾಚಾರ. ಗದಗ ಸ್ಟೇಷನ್ನಿನಲ್ಲಿ ರೈಲು ಹತ್ತುವಾಗ ಭುವಿ ಕೇಳಿದ್ದು ಒಂದೇ ಮಾತು: “ಅವ್ವಾ, ನಾ ಇಲ್ಲದಾಗ ನನ್ನ ಲಗ್ನಾ ಗಟ್ಟಿ ಮಾಡಬ್ಯಾಡ.” ಚಂದ್ರವ್ವ ಆಕೆಯ ಕೈ ಮೇಲೆ ಕೈಯಿಟ್ಟು, “ನಿನ್ನ ಕೇಳದ ನಾ ಯಾರಿಗೂ ಮಾತ ಕೊಡಾಂಗಿಲ್ಲ” ಎಂದು ಆಣೆ ಮಾಡಿದ್ದಳು.

ಅಲ್ಲಿಂದ ಆನಂದನ ಫೋನಿಗೆ ವಾಟ್ಸಾಪಿನಲ್ಲಿ ಮೆಸೇಜು ಬರುತ್ತಿದ್ದವು, ಆದರೆ ಅದರಲ್ಲಿ ಮಾತಾಡುವ ಕರೆಗೆ ಆ ದೇಶದಲ್ಲಿ ತಡೆಯಿತ್ತು. ಆದ್ದರಿಂದ ಶುಕ್ರವಾರಕ್ಕೊಮ್ಮೆ ಭುವಿ ಸೀದಾ ಫೋನು ಮಾಡುವಳು. ಒಂಬತ್ತು ಆರು ಎಂಟರಿಂದ ಶುರುವಾಗುವ ನಂಬರು. ಐದು ನಿಮಿಷಕ್ಕೆ ಅರ್ಧ ದಿನದ ಪಗಾರ ಹೋಗುತ್ತಿತ್ತಂತೆ. ಹಾಗಾಗಿ ತಾಯಿ ಮಗಳು ಉಸಿರು ಬಿಡದೆ ಮಾತಾಡಿ ಮುಗಿಸುತ್ತಿದ್ದರು. ದೀಪಾವಳಿ ಕಳೆದ ಮೇಲೆ ಆ ಶುಕ್ರವಾರದ ಫೋನು ನಿಂತುಹೋಯಿತು. ಒಂದು ವಾರ ಬರಲಿಲ್ಲ, ಎರಡನೆಯ ವಾರವೂ ಬರಲಿಲ್ಲ. ಕೇಳಿದರೆ ಆನಂದ, “ಫೋನ್ ತುಟ್ಟಿ ಆಗೈತಂತ. ನನಗ ಮೆಸೇಜ್ ಹಾಕ್ತಾಳ, ಆರಾಮ ಅದಾಳ” ಎನ್ನುತ್ತಿದ್ದ. ಹೆತ್ತ ತಾಯಿಯ ಜೊತೆ ಮಾತಾಡುವುದೂ ತುಟ್ಟಿಯಾಯಿತೇ ಎಂದು ಚಂದ್ರವ್ವನಿಗೆ ಮಗಳ ಮೇಲೆ ಸಿಟ್ಟು ಬಂತು. ಆ ಸಿಟ್ಟನ್ನೂ ಆಕೆ ಮೂರೂವರೆಯ ಕಳ್ಳರ ಮೇಲೆಯೇ ತೀರಿಸಿಕೊಂಡಳು. ಕಳ್ಳರೂ ಹಟಮಾರಿಗಳು, ದಿನಕ್ಕೊಂದು ಹೊಸ ನಂಬರಿನಿಂದ ಮಾಡುತ್ತಿದ್ದರು. ಒಮ್ಮೆ ಬೈಗುಳದ ನಡುವೆ ಸಣ್ಣಗೆ “ಅವ್ವಾ” ಎಂಬ ದನಿಯೂ ಬಂತು. ಮತ್ತೆ ಅದೇ ನಾಟಕವೇ ಎಂದು ಚಂದ್ರವ್ವನ ಮೈ ಉರಿದುಹೋಯಿತು. ಅವತ್ತು ಆಕೆ ಬೈದದ್ದನ್ನು ಕೇಳಿ ಸಕ್ರಪ್ಪ ಕೂಡ ಎದ್ದು ಒಳಗೆ ಹೋದ.

ಅದೇ ಹೊತ್ತಿಗೆ ಲಕ್ಷ್ಮೇಶ್ವರದ ಸಂಬಂಧ ಬಂತು. ಅಲ್ಲಿಯ ಬಜಾರದಲ್ಲಿ ವಿಠೋಬಾ ಎಂಬುವರದು ದೊಡ್ಡ ಸೀರೆ ಅಂಗಡಿ. ಮಗ ಸುನಿಲಕುಮಾರ ಒಬ್ಬನೇ. ಗದಗಿನಲ್ಲಿ ಹೊಸ ಅಂಗಡಿ ಹಾಕುತ್ತೇವೆ, ಅದನ್ನು ಹುಡುಗಿಯ ಅಣ್ಣನೇ ನೋಡಿಕೊಳ್ಳಲಿ ಎಂದರು. ಬೇರೆಯವರ ಅರಿವೆ ಅಂಗಡಿಯಲ್ಲಿ ಹತ್ತು ವರ್ಷದಿಂದ ಥಾನು ಬಿಚ್ಚಿ ಮಡಚುತ್ತಿದ್ದ ಆನಂದನ ಮುಖ ಅರಳಿತು. “ಆಕೀ ಬಾಯಿಲೆ ಕೇಳಬೇಕು” ಎಂದು ಚಂದ್ರವ್ವ ಪಟ್ಟು ಹಿಡಿದಳು. ಎರಡು ದಿನ ಬಿಟ್ಟು ಆನಂದ ಬಂದು, “ಕೇಳಿದೆ. ಅವ್ವ ಹೆಂಗ ಅಂತಾಳ ಹಂಗ ಅಂದ್ಲು” ಎಂದ. ಚಂದ್ರವ್ವನಿಗೆ ಸಮಾಧಾನವೂ ಆಯಿತು, ಒಳಗೊಳಗೆ ಚುಚ್ಚಿದಂತೆಯೂ ಆಯಿತು. ಇಷ್ಟು ದೊಡ್ಡ ಮಾತನ್ನು ತಾಯಿಗೆ ಹೇಳಲು ಐದು ನಿಮಿಷ ಇಲ್ಲದಂತಾಯಿತೇ ಮಗಳಿಗೆ!

ಸಂಬಂಧ ಗಟ್ಟಿ ಮಾಡುವ ಸಕ್ಕರೆ ಶಾಸ್ತ್ರವೂ ಆಯಿತು. ಹುಡುಗಿ ಊರಲ್ಲಿಲ್ಲವಾದ್ದರಿಂದ ಆಕೆಗೆ ತಿನ್ನಿಸಬೇಕಾದ ಸಕ್ಕರೆಯನ್ನು ಗಂಡಿನ ತಾಯಿ ಚಂದ್ರವ್ವನ ಬಾಯಿಗೇ ಹಾಕಿದಳು. ಎಲ್ಲರೂ ನಕ್ಕರು. ಆನಂದ ಮುಂದೆ ನಿಂತು ಫೋಟೊ ಹೊಡೆದ.

ಅದಾಗಿ ಆರು ದಿನಕ್ಕೆ, ಒಂದು ಮಂಗಳವಾರ, ಎರಡು ಮನೆಯಾಚೆಯ ತಬಸ್ಸುಮ ಎಂದಿನಂತೆ ಬಂದು ಮಗ್ಗದ ಪಕ್ಕದಲ್ಲಿ ರಾಟಿ ಇಟ್ಟುಕೊಂಡು ಕಂಡಿಕೆ ಸುತ್ತುತ್ತಿದ್ದಳು. ಆಕೆಯ ಗಂಡನೂ ಮಸ್ಕತ್ತಿನಲ್ಲಿಯೇ ಡ್ರೈವರ್. ಆಕೆಯ ಫೋನು ಹೊಡೆದುಕೊಂಡಿತು. ಹೆಸರಿಲ್ಲದ ನಂಬರು.

ಚಂದ್ರವ್ವ ಮಗ್ಗದಿಂದಲೇ ಕೈ ಚಾಚಿದಳು. “ಕಳ್ಳ ಇರಬೇಕು. ತಾ ಇಲ್ಲಿ, ನಾ ನೋಡ್ಕೋತೀನಿ ಅವನ್ನ.”

ತಬಸ್ಸುಮ ಬೇಡವೆಂದು ತಲೆಯಾಡಿಸಿ ಫೋನನ್ನು ಕಿವಿಗಿಟ್ಟಳು. ಮಾತಾಡಲಿಲ್ಲ. ಇನ್ನೊಂದು ಕೈ ಎತ್ತಿ ಒಂದೊಂದೇ ಬೆರಳು ಮಡಚುತ್ತ ಹೋದಳು. ಐದನೆಯ ಬೆರಳು ಮಡಚಿದ ಮೇಲೆ, “ಹ್ಞಾಂ, ಹೇಳ್ರಿ” ಎಂದು ನಗುತ್ತ ಮಾತಿಗಿಳಿದಳು. ಮನೆಯ ಸುದ್ದಿ, ಮಗನ ಸಾಲಿಯ ಸುದ್ದಿ, ಅತ್ತೆಯ ಮೊಣಕಾಲಿನ ಸುದ್ದಿ ಎಲ್ಲ ಆಯಿತು. ಇಪ್ಪತ್ತು ನಿಮಿಷ ಆಯಿತು.

“ಯಾರದು?” ಎಂದಳು ಚಂದ್ರವ್ವ.

“ನಮ್ಮನಿಯವರು ಅಕ್ಕಾ. ಇವತ್ತ ರಜಾ ಐತಂತ.”

“ಮಸ್ಕತ್ತಿನ ನಂಬರ ನನಗ ಗೊತ್ತಿಲ್ಲೇನು? ಅದು ಒಂಬತ್ತ ಆರ ಎಂಟು.”

“ಅದು ಸೀದಾ ಫೋನು ಅಕ್ಕಾ, ತುಟ್ಟಿ. ಇದು ಕಾರ್ಡಿಂದು, ಸೋವಿ. ಎಲ್ಲೆಲ್ಲೋ ಸುತ್ತಿ ಬರ್ತೈತಿ, ಅದಕ್ಕ ದಿನಾ ಒಂದೊಂದು ನಂಬರ ಬೀಳ್ತೈತಿ. ಎತ್ತಿದ ಕೂಡಲೇ ಅವರ ದನಿ ನಮಗ ಬರಾಂಗಿಲ್ಲ. ಐದು ಎಣಸೂತನಾ ಸುಮ್ಮನ ಇರಬೇಕು. ಅಲ್ಲಿರೋರೆಲ್ಲಾ ಈಗ ಇದನ್ನ ತಗೋತಾರ.”

ಚಂದ್ರವ್ವನ ಕಾಲು ಮಗ್ಗದ ತುಳಿಗೆಯ ಮೇಲೆ ನಿಂತುಬಿಟ್ಟಿತು. “ಅವರ ದನಿ ನಮಗ ಬರಾಂಗಿಲ್ಲ. ನಮ್ಮ ದನಿ ಅವರಿಗೆ?”

“ನಮ್ಮದು ಮೊದಲಿನಿಂದ ಎಲ್ಲಾ ಕೇಳ್ತೈತಿ.”

ಇಲ್ಲಿ ಮೂರೂವರೆ ಎಂದರೆ ಅಲ್ಲಿ ಎರಡು ಗಂಟೆ. ಮಧ್ಯಾಹ್ನ ಅಂಗಡಿ ಮುಚ್ಚುತ್ತಾರೆ, ಎರಡು ಗಂಟೆಗೆ ಊಟ ಮಾಡಿ ಅಡ್ಡಾಗುತ್ತೇವೆ ಎಂದು ಭುವಿ ಎಷ್ಟು ಸಲ ಹೇಳಿದ್ದಳು! ಕೈ ಸೇದಿ ಹೋಗಲಿ ಎಂದಿದ್ದಳಲ್ಲ, ಅದು ಹೊಲಿಯುವ ಕೈ. ಮನೆ ಹಾಳಾಗ ಎಂದಿದ್ದು ಇದೇ ಮನೆಗೆ. ಲಾಳಿಯಲ್ಲಿ ಇನ್ನೂ ಅರ್ಧ ಕಂಡಿಕೆ ನೂಲಿತ್ತು. ಮೂವತ್ತು ವರ್ಷದಲ್ಲಿ ಮೊದಲ ಸಲ ಅದನ್ನು ಅಲ್ಲಿಯೇ ಬಿಟ್ಟು ಕುಣಿಯಿಂದ ಮೇಲೆ ಬಂದಳು.

ಅಂಗಡಿಯಿಂದ ಊಟಕ್ಕೆ ಬಂದಿದ್ದ ಆನಂದ ಒಳಗೆ ರೊಟ್ಟಿ ಮುರಿಯುತ್ತ ಕೂತಿದ್ದ.

“ನಿನ್ನ ಫೋನ ಕೊಡು.”

“ಯಾಕವ್ವಾ?”

“ಕೊಡಲೇ ಅಂದೆ.”

ಆ ದನಿಗೆ ಆತ ಎಂಜಲು ಕೈಯಲ್ಲಿಯೇ ಫೋನು ಚಾಚಿದ. ಚಂದ್ರವ್ವ ಅದರ ಬೀಗ ಅವನಿಂದಲೇ ತೆಗೆಸಿ ತಬಸ್ಸುಮಳ ಕೈಗೆ ಕೊಟ್ಟಳು. “ಭುವಿ ಏನೇನ ಹೇಳ್ಯಾಳ, ಮೊದಲಿನಿಂದ ಹಚ್ಚು.” ಆನಂದ ಏಳಲು ಹೋದ. “ಕುಂಡ್ರು” ಎಂದಳು. ಕೂತ.

ಮೊದಲನೆಯ ದನಿ ಮೆಸೇಜು ದೀಪಾವಳಿ ಆದ ಮರುವಾರದ್ದು. ಭುವಿಯ ದನಿ ಖುಷಿಯಲ್ಲಿತ್ತು. “ಅಣ್ಣಾ, ಇನ್ನ ಮ್ಯಾಲೆ ನನ್ನ ಫೋನ್ ಬ್ಯಾರೆ ಬ್ಯಾರೆ ನಂಬರಿನಿಂದ ಬರ್ತಾವು. ಸೋವಿ ಕಾರ್ಡ್ ಸಿಕ್ಕೈತಿ, ಅವ್ವನ ಕೂಡ ತಾಸಗಟ್ಟಲೆ ಮಾತಾಡಬಹುದು. ಎತ್ತಿ ಐದು ಎಣಸೂತನಾ ಸುಮ್ಮನಿರು ಅಂತ ಆಕಿಗೆ ಹೇಳು.” ಅದರ ಕೆಳಗೆ ಆನಂದ ಹೆಬ್ಬೆರಳಿನ ಚಿತ್ರ ಹಾಕಿದ್ದ.

ಎರಡನೆಯದರಲ್ಲಿ ನಗುತ್ತಿದ್ದಳು. “ಅಯ್ಯ ಅಣ್ಣಾ, ಅವ್ವ ನನಗ ಏನ ಬೈದಳೋ! ಕಳ್ಳ ಅಂತ ತಿಳದಾಳ. ನೀ ಹೇಳೇ ಇಲ್ಲೇನು?”

ಮೂರನೆಯದರಲ್ಲಿ ನಗುವಿರಲಿಲ್ಲ. “ನನಗ ಈ ಲಗ್ನಾ ಬ್ಯಾಡ. ನಾ ಒಲ್ಲೆ. ಎರಡ ವರ್ಷ ಬಿಟ್ಟು ನೋಡೂಣು ಅಂತ ಅವ್ವಗ ಹೇಳು. ನಾ ದಿನಾ ಫೋನ್ ಮಾಡಾಕತ್ತೀನಿ, ಬೈದು ಇಟ್ಟುಬಿಡ್ತಾಳ.”

ನಾಲ್ಕನೆಯದರಲ್ಲಿ ದನಿ ಒಡೆದಿತ್ತು. “ಅಣ್ಣಾ, ಒಲ್ಲೆ ಅಂದ್ರ ಮಗಳ ಅಲ್ಲ ಅಂತ ಅವ್ವ ಖರೇನ ಅಂದಾಳೇನು? ಇವತ್ತ ನಾ ಅವ್ವಾ ಅಂದೆ. ಆಕಿಗೆ ಕೇಳಿಸಿತು. ಕೇಳಿಸಿದ ಮ್ಯಾಲೆ ಇನ್ನೂ ಬೈದಳು. ಹಡದಾಕಿನ್ನ ಕರಿ ಅಂದ್ಲು. ನಾ ಯಾರನ್ನ ಕರೀಲಿ?”

ಕಡೆಯದು ಆರು ದಿನದ ಹಿಂದಿನದು, ಸಕ್ಕರೆಯ ಫೋಟೊದ ಕೆಳಗಿತ್ತು. “ಫೋಟೊ ನೋಡಿದೆ. ಆತು. ಆಕೀ ಮನಸಿದ್ದಂಗ ಆಗಲಿ. ನಾ ಇನ್ನ ಫೋನ್ ಮಾಡಾಂಗಿಲ್ಲ ಅಂತ ಹೇಳು.”

ಹೌದು, ಆರು ದಿನದಿಂದ ಮೂರೂವರೆಗೆ ಫೋನು ಬಂದಿರಲಿಲ್ಲ. ಕಳ್ಳರಿಗೆ ಕಡೆಗೂ ಬುದ್ಧಿ ಬಂತು ಎಂದು ಚಂದ್ರವ್ವ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು.

ತಬಸ್ಸುಮ ತಲೆ ತಗ್ಗಿಸಿ ಕೂತಳು. ಚಂದ್ರವ್ವ ಮಗನ ಎದುರು ನಿಂತಳು. “ಮಗಳ ಅಲ್ಲ ಅಂತ ನಾ ಯಾವಾಗ ಅಂದೆ?”

“ಒಂದ ಸಲ ಸೀದಾ ಫೋನ್ ಮಾಡಿದ್ಲು. ನೀ ಫೋನ್ ಮನಿಯಾಗ ಬಿಟ್ಟು ಶಿಗ್ಲಿಗೆ ಹೋಗಿದ್ದಿ. ನಾ ಎತ್ತಿದೆ.” ಆನಂದ ತಟ್ಟೆಯನ್ನೇ ನೋಡುತ್ತ ಹೇಳಿದ. “ಹಂಗ ಅಂದ್ರ ಒಪ್ಪತಾಳ ಅಂತ ಅಂದೆ. ಆಮ್ಯಾಲೆ ಆ ನಂಬರ ನಿನ್ನ ಫೋನಿಗೆ ಬರದಂಗ ಮಾಡಿದೆ. ಐದು ಎಣಸೂದನ್ನ ಹೇಳಾಕ ಮೊದಲ ಖರೇನ ಮರತಿದ್ದೆ ಅವ್ವಾ. ಆಮ್ಯಾಲೆ ಈ ಸಂಬಂಧ ಬಂತು. ನಿನ್ನ ಸಲುವಾಗೇ ಮಾಡೇನಿ. ಎಷ್ಟ ದಿನಾ ಆ ಕುಣ್ಯಾಗ ಕಾಲ ಇಳಿಬಿಟ್ಟು ಕುಂಡ್ರತಿ?”

“ನನ್ನ ಸಲುವಾಗಿ!” ಚಂದ್ರವ್ವನ ದನಿಗೆ ತಟ್ಟೆ ನಡುಗಿತು. “ಆ ಕುಣ್ಯಾಗ ಕುಂತ ನಿಮ್ಮಿಬ್ಬರನ್ನ ಬೆಳಿಸೇನಿ. ನನಗೇನ ನಾಚಿಕಿಲ್ಲ ಅದರಾಗ. ಅಂಗಡಿ ನಿನಗ ಬೇಕಾಗಿತ್ತು, ನಿನಗ! ಬೇಕಂದ್ರ ಬೇಡಬೇಕಾಗಿತ್ತು, ಮಗ್ಗ ಮಾರಿ ಕೊಡ್ತಿದ್ದೆ. ಅಲ್ಲೋ, ಬೈಯಾಕ ನಿನಗ ನನ್ನ ಬಾಯೇ ಬೇಕಾತೇನು? ದಿನಾ ನನ್ನ ಮಗಳಿಗೆ ನನ್ನ ಬಾಯಿಲೆ ಬೈಸಿದೆಲ್ಲೋ, ಒಳಗ ಕುಂತು ಅದನ್ನ ಕೇಳಿಸ್ಕೋಂತ ರೊಟ್ಟಿ ತಿಂದೆಲ್ಲೋ!”

ಆನಂದ ಅಳತೊಡಗಿದ. ಆಕೆಗೆ ಕರುಣೆ ಬರಲಿಲ್ಲ. ಬರಬೇಕಾದ ಅಗತ್ಯವೂ ಇರಲಿಲ್ಲ. ಆದರೆ ಅವನನ್ನು ಬೈಯುವಾಗಲೇ ಒಳಗೆ ಇನ್ನೊಂದು ಸಿಟ್ಟು ಎದ್ದು ನಿಂತಿತ್ತು, ಅದು ತನ್ನ ಮೇಲಿನದು. ಕಳ್ಳನ ಬಾಯಲ್ಲಿ ಸುಳ್ಳು “ಅವ್ವಾ” ಕೇಳಿ ಮಗಳೇ ಎಂದು ಓಡಿದವಳು, ಮಗಳ ಬಾಯಲ್ಲಿ ಖರೆ “ಅವ್ವಾ” ಕೇಳಿ ಕಳ್ಳನೆಂದು ಬೈದಳು. ಇದನ್ನು ಯಾರ ತಲೆಗೆ ಕಟ್ಟುವುದು?

ತಬಸ್ಸುಮ ಆನಂದನ ಫೋನಿನಿಂದ ಭುವಿಯ ನಂಬರನ್ನು ತನ್ನ ಫೋನಿಗೆ ಹಾಕಿಕೊಂಡಳು. “ನಾ ಹಚ್ಚತೀನಿ ಅಕ್ಕಾ, ನೀವ ಮಾತಾಡ್ರಿ. ಆಕಿಗೆ ಹೋಗ್ತೈತಿ.” ದನಿ ತುಂಬುವ ಗುಂಡಿ ಒತ್ತಿ ಹಿಡಿದಳು. ಊರಿಗೆಲ್ಲ ಕೇಳುವಂತೆ ಬೈಯುವ ಚಂದ್ರವ್ವ ಅದಕ್ಕೆ ಬಾಯಿ ಹಚ್ಚಿ ಸಣ್ಣ ದನಿಯಲ್ಲಿ, “ಭುವಿ, ನಾಳಿ ಫೋನ್ ಮಾಡು. ನಾ ಐದು ಎಣಸ್ತೀನಿ” ಎಂದಳು. ಅಷ್ಟೇ ಹೋಯಿತು.

ಮರುದಿನ ಬೆಳಗಿನ ಬಸ್ಸಿಗೆ ಆಕೆ ಮಗನನ್ನು ಕರೆದುಕೊಂಡು ಲಕ್ಷ್ಮೇಶ್ವರಕ್ಕೆ ಹೊರಟಳು. ಗಂಡಿನವರು ತಂದಿದ್ದ ಸೀರೆ, ತೆಂಗಿನಕಾಯಿ ಎಲ್ಲವನ್ನೂ ಒಂದು ಡಬ್ಬಿಯಲ್ಲಿ ತುಂಬಿ ಅವನ ತೊಡೆಯ ಮೇಲಿಟ್ಟಿದ್ದಳು. ಬಸ್ಸು ಮುಳಗುಂದ ದಾಟಿದ ಮೇಲೆ ಆನಂದ, “ಅವ್ವಾ, ನೀನ ಹೇಳು, ನನಗ ಆಗಾಂಗಿಲ್ಲ” ಎಂದ. “ಹಚ್ಚಿದಾಂವ ನೀ, ಬಿಚ್ಚಾಂವನೂ ನೀನ” ಎಂದು ಆಕೆ ಕಿಟಕಿಯ ಕಡೆ ತಿರುಗಿದಳು.

ಅಂಗಡಿಯಲ್ಲಿ ವಿಠೋಬಾ ಗಾದಿಯ ಮೇಲಿದ್ದರು. ಡಬ್ಬಿ ನೋಡಿ ಹಬ್ಬದ ಉಂಡಿಯೆಂದುಕೊಂಡು ನಕ್ಕರು. ಆನಂದ ತೊದಲುತ್ತ ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ದನಿ ತಗ್ಗಿಸಿದಾಗಲೆಲ್ಲ ಚಂದ್ರವ್ವ, “ಕೇಳಸವಲ್ದು, ಜೋರಾಗಿ ಹೇಳು” ಎನ್ನುತ್ತಿದ್ದಳು. ಗಿರಾಕಿಗಳು ಸೀರೆ ನೋಡುವುದು ಬಿಟ್ಟು ಇವರನ್ನು ನೋಡತೊಡಗಿದರು.

ವಿಠೋಬಾರ ಮುಖ ಕೆಂಪಾಯಿತು. “ಇದೇನ್ರಿ ಹುಡುಗಾಟಕಿ? ಪತ್ರ ಅಚ್ಚಿಗೆ ಕೊಟ್ಟೀವಿ. ನಮ್ಮ ಮರ್ಯಾದಿ ಏನಾತು?”

“ನಿಮ್ಮ ಮರ್ಯಾದಿ ನಿಮ್ಮ ಹಂತೇಕ ಐತ್ರಿ, ಅಣ್ಣಾರ. ಹೋಗಿದ್ದು ನಮ್ಮದು” ಎಂದಳು ಚಂದ್ರವ್ವ. “ಬೈಯೂದಿದ್ರ ಬೈರಿ. ಆದ್ರ ನನ್ನ ಮಗಳಿಗೆ ಒಂದ ಮಾತ ಅಂದ್ರ ಕೇಳಾಂಗಿಲ್ಲ. ಆಕಿ ಮೊದಲಿನಿಂದ ಒಲ್ಲೆ ಅಂದಾಳ.”

ಒಳಗಿನಿಂದ ಸೀರೆಯ ಕಟ್ಟು ಹಿಡಿದು ಬಂದ ಸುನಿಲಕುಮಾರ ಅಲ್ಲಿಯೇ ನಿಂತ. ಆತ ಆನಂದನನ್ನೇ ನೋಡಿದ. “ಆಕಿ ಒಲ್ಲೆ ಅಂದಿದ್ಲಾ? ನೀ ನನಗ ಹೂಂ ಅಂದಾಳ ಅಂತ ಹೇಳಿದ್ಯೆಲ್ಲ?” ಆನಂದ ಡಬ್ಬಿಯನ್ನು ಮುಂದೆ ಸರಿಸಿದ. “ಅಪ್ಪಾ, ಡಬ್ಬಿ ತಗೋ” ಎಂದು ಸುನಿಲಕುಮಾರ ಒಳಗೆ ಹೋಗಿಬಿಟ್ಟ.

ಬೆಟಗೇರಿಗೆ ಬಂದಾಗ ಎರಡೂವರೆ. ಚಂದ್ರವ್ವ ಊಟವನ್ನೂ ಮಾಡದೆ ಮಗ್ಗಕ್ಕೆ ಇಳಿದಳು. ನಿನ್ನೆಯ ಅರ್ಧ ಕಂಡಿಕೆ ಲಾಳಿಯಲ್ಲಿ ಹಾಗೆಯೇ ಇತ್ತು. ಮುಟ್ಟಲಿಲ್ಲ. ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮೂರೂವರೆಯಾಯಿತು. ಮೂರೂ ಮುಕ್ಕಾಲಾಯಿತು. ಬರುವುದಿಲ್ಲ, ಯಾಕಾದರೂ ಮಾಡುತ್ತಾಳೆ, ಇಷ್ಟು ಬೈಸಿಕೊಂಡ ಮೇಲೆ ನಾನಾದರೂ ಮಾಡುತ್ತಿರಲಿಲ್ಲ ಎಂದುಕೊಳ್ಳುವಾಗ ಫೋನು ಹೊಡೆದುಕೊಂಡಿತು. ಎಂದೂ ನೋಡದ ನಂಬರು.

ಎದುರು ಕಟ್ಟೆಯಲ್ಲಿ ಸಕ್ರಪ್ಪ ನೆಟ್ಟಗೆ ಕೂತ. ಪಕ್ಕದ ಮನೆಯಲ್ಲಿ ಲಾಳಿಯ ಸದ್ದು ನಿಂತಿತು. ಚಂದ್ರವ್ವ ಹಸಿರು ಬಟನ್ ಒತ್ತಿ ಫೋನನ್ನು ಕಿವಿಗೆ ಹಿಡಿದಳು, ಎರಡೂ ಕೈಯಲ್ಲಿ.

ಒಂದು. ಎರಡು. ಮೂರು. ಓಣಿಯೆಲ್ಲ ಕಾಯುತ್ತಿತ್ತು. ನಾಲ್ಕು. ಐದು. ಏನೂ ಕೇಳಲಿಲ್ಲ. ಆರು. ಯಾವನೋ ಕಳ್ಳನೇ ಇರಬಹುದು ಎಂದು ಹಳೆಯ ಸಿಟ್ಟು ಗಂಟಲಿಗೆ ಬಂತು. ನುಂಗಿದಳು. ಏಳು. ಆ ಕಡೆಯಿಂದ, ಬಿಡುವಿನ ಹೊತ್ತಿನಲ್ಲೂ ನಿಲ್ಲದ ಒಂದು ಹೊಲಿಗೆ ಮಷೀನಿನ ಸದ್ದು ಸಣ್ಣಗೆ ಬಂತು. ಯಾರೋ ಮಾತಾಡದೆ ಉಸಿರು ಬಿಡುತ್ತಿದ್ದರು.

“ಹಡದಾಕಿನ್ನ ಕರಿ ಅಂದಿದ್ದೆ” ಎಂದಳು ಚಂದ್ರವ್ವ. “ಹಡದಾಕಿ ಮಾತಾಡಾಕತ್ತೀನಿ. ಲಕ್ಷ್ಮೇಶ್ವರಕ್ಕ ಹೋಗಿ ಎಲ್ಲಾ ಹೊಳ್ಳಿ ಕೊಟ್ಟ ಬಂದೀನಿ. ನಿನ್ನ ಅಣ್ಣ ನನಗ ಏನೂ ಹೇಳಿದ್ದಿಲ್ಲ, ನೀ ಅಂತ ನನಗ ಗೊತ್ತಿದ್ದಿಲ್ಲ. ಆದ್ರ ಬೈದಾಕಿ ನಾನ. ಕಾರ್ಡಿನ್ಯಾಗ ಎಷ್ಟ ಹೊತ್ತ ಐತಿ?”

ಭುವಿ, “ನಾಲ್ವತ್ತ ನಿಮಿಷ” ಎಂದಳು.

“ಹಂಗಾರ ಬೈ. ಕಾರ್ಡ್ ಮುಗಿಯೂತನಾ ಬೈ. ನಾ ನಡುವ ಬಾಯಿ ಹಾಕಾಂಗಿಲ್ಲ.”

ಭುವಿ ಮೊದಲು ಅತ್ತಳು, ಆಮೇಲೆ ಬೈಯತೊಡಗಿದಳು. ಬಾಯಿ ತಾಯಿಯದೇ. ಚಂದ್ರವ್ವ ಕಣ್ಣು ಮುಚ್ಚಿ, ತುಟಿ ಕಚ್ಚಿ, ನಾಲ್ವತ್ತು ನಿಮಿಷ ಎಲ್ಲವನ್ನೂ ಕೇಳಿಸಿಕೊಂಡಳು.